ಸರಪಳಿಯಲ್ಲಿ ನೆಲೆಗೊಳ್ಳದ ಕಾಂತತ್ವ

ಕಬ್ಬಿಣದ ಪ್ರತಿಯೊಂದು ಪರಮಾಣುವೂ ಒಂದು ಕಿರು ಅಯಸ್ಕಾಂತ. ಬಹುಪಾಲು ಪರಮಾಣುಗಳು ಒಂದೇ ದಿಕ್ಕಿಗೆ ಮುಖಮಾಡಿದಾಗ ಇಡೀ ತುಂಡು ಅಯಸ್ಕಾಂತವಾಗುತ್ತದೆ. ಪರಮಾಣುಗಳು ಸರಪಳಿಯಂತೆ ಒಂದೇ ಸಾಲಿನಲ್ಲಿದ್ದರೆ ಈ ಕ್ರಮ ತಾನಾಗಿ ಉಳಿಯುವುದೇ? ವಿಲ್ಹೆಲ್ಮ್ ಲೆನ್ಜ್ ಅವರು ಈ ಪ್ರಶ್ನೆಯನ್ನು ಶಿಷ್ಯ ಅರ್ನ್ಸ್ಟ್ ಇಸಿಂಗ್ ಅವರಿಗೆ ಒಪ್ಪಿಸಿದರು. ಉಳಿಯದು ಎಂಬ ಉತ್ತರ 1925ರಲ್ಲಿ ಪ್ರಕಟವಾಯಿತು.

ಕಾರಣವನ್ನು ತರಗತಿಯಲ್ಲೇ ತೋರಿಸಬಹುದು. ಮಕ್ಕಳು ಸಾಲಾಗಿ ನಿಂತು, ಎಡಬದಿಯವರು ಎತ್ತಿದ ಕೈಯನ್ನೇ ತಾವೂ ಎತ್ತಲಿ. ನಡುವೆ ಒಬ್ಬರು ತಪ್ಪಿದರೆ ಮುಂದಿನವರೆಲ್ಲರೂ ಆ ತಪ್ಪನ್ನೇ ಅನುಸರಿಸುತ್ತಾರೆ. ಸರಪಳಿಯಲ್ಲಿ ಶಾಖದ ಕದಲಿಕೆ ಇಂತಹ ತಪ್ಪುಗಳನ್ನು ಅಲ್ಲಲ್ಲಿ ಉಂಟುಮಾಡುತ್ತಲೇ ಇರುತ್ತದೆ. ಚೌಕುಳಿಯಂತೆ ನಿಂತಾಗ ಪ್ರತಿಯೊಬ್ಬರಿಗೂ ನಾಲ್ವರು ನೆರೆಯವರು. ಒಬ್ಬರ ತಪ್ಪನ್ನು ಉಳಿದವರು ತಡೆಯುತ್ತಾರೆ.

ಪ್ರಯೋಗಾಲಯದ ಮೈಲುತುತ್ತದ ನೀಲಿ ಹರಳಿನಲ್ಲಿಯೂ ಅರ್ಧದಷ್ಟು ತಾಮ್ರದ ಅಯಾನುಗಳು ಕಾಂತೀಯ ಸರಪಳಿಗಳಾಗಿವೆ. ಇಲ್ಲಿ ನೆರೆಯ ಅಯಾನುಗಳು ಪರಸ್ಪರ ವಿರುದ್ಧ ದಿಕ್ಕಿಗೆ ತಿರುಗುವ ಒಲವುಳ್ಳವು. ಆ ಕ್ರಮವೂ ಪರಮಶೂನ್ಯ ತಾಪದ ಅತಿ ಸಮೀಪದವರೆಗೆ ಸ್ಥಿರಗೊಳ್ಳದು.

ಇಸಿಂಗ್ ಅವರ ಗಣಿತ ಸರಿಯಾಗಿತ್ತು. ಆದರೆ ಮೂರು ಆಯಾಮಗಳಲ್ಲಿಯೂ ಹೀಗೆಯೇ ಎಂದು ಅವರು ಭಾವಿಸಿದುದು ತಪ್ಪಾಯಿತು. ಸಮತಲದ ಜೋಡಣೆಯಲ್ಲಿಯೇ ಕಾಂತತ್ವ ಸಾಧ್ಯವೆಂದು 1936ರಲ್ಲಿ ರುಡಾಲ್ಫ್ ಪೈಯರ್ಲ್ಸ್ ತೋರಿಸಿದರು. ಒಂದೆಡೆ ಸರಿಯಾದ ಉತ್ತರವನ್ನು ಪರೀಕ್ಷಿಸದೆ ಇನ್ನೊಂದೆಡೆಗೆ ಒಯ್ಯಬಾರದೆಂಬ ಎಚ್ಚರವನ್ನು ಮಕ್ಕಳಲ್ಲಿ ಮೂಡಿಸುವುದೇ ಈ ಪಾಠದ ಮುಖ್ಯ ಫಲ.