ಹೊಗೆಯಲ್ಲಿನ ಅನಿಲವನ್ನು ಹಿಡಿಯುವ ಅಯಸ್ಕಾಂತ ದ್ರವ

ಬೇಸಗೆಯ ಸಂಜೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸೋಡಾ ಕುಡಿದವರು, ಸೀಸೆಯನ್ನು ತೆರೆದೊಡನೆ ಬುಸ್ಸೆಂದು ಗುಳ್ಳೆಗಳು ಏಳುವುದನ್ನು ನೋಡಿಯೇ ಇರುತ್ತಾರೆ. ಒತ್ತಡದಿಂದ ನೀರಿನಲ್ಲಿ ಕರಗಿಸಿದ್ದ ಇಂಗಾಲದ ಡೈಆಕ್ಸೈಡ್ ಅನಿಲವು, ಒತ್ತಡ ತಗ್ಗಿದಾಗ ಹೊರಬೀಳುವುದೇ ಇದಕ್ಕೆ ಕಾರಣ. ಅನಿಲವನ್ನು ದ್ರವದಲ್ಲಿ ಸೇರಿಸುವುದು, ಬೇಕೆಂದಾಗ ಬಿಡಿಸುವುದು—ಈ ಎರಡೂ ಕೆಲಸಗಳು ಇಂದು ವಿಜ್ಞಾನಿಗಳ ಗಮನವನ್ನು ಸೆಳೆದಿವೆ.

ಇದೇ ಅನಿಲವು ಸೂರ್ಯನಿಂದ ಬಂದ ಶಾಖವನ್ನು ವಾಯುಮಂಡಲದಲ್ಲಿ ತಡೆದಿಡುತ್ತದೆ. 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಅಳೆದಾಗ 10 ಲಕ್ಷ ಭಾಗ ಗಾಳಿಯಲ್ಲಿ ಇದು ಸುಮಾರು 315 ಭಾಗವಿದ್ದಿತು. ಈಗ 420ನ್ನು ಮೀರಿದೆ. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲಿನ ವಿದ್ಯುದಾಗಾರವಿದೆ. ಇಂತಹ ಸ್ಥಾವರಗಳ ಹೊಗೆಯಲ್ಲಿ ನೂರಕ್ಕೆ 12ರಿಂದ 15 ಭಾಗದಷ್ಟು ಈ ಅನಿಲವಿರುತ್ತದೆ.

ಇದನ್ನು ಹಿಡಿಯುವ ಉಪಾಯ ಹೊಸದಲ್ಲ. ಅಮೀನ್ ಎಂಬ ರಾಸಾಯನಿಕಗಳ ದ್ರಾವಣದಿಂದ ಅನಿಲವನ್ನು ಹೀರಿಸುವ ಕ್ರಮಕ್ಕೆ 1930ರಲ್ಲಿಯೇ ಅಮೆರಿಕದಲ್ಲಿ ಪೇಟೆಂಟ್ ದೊರೆಯಿತು. ಸುಮಾರು 40 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ದ್ರಾವಣವು ಅನಿಲವನ್ನು ಹೀರುತ್ತದೆ. 120 ಡಿಗ್ರಿಗೆ ಕಾಯಿಸಿದರೆ ಬಿಟ್ಟುಕೊಡುತ್ತದೆ. ಆದರೆ ತೊಡಕುಗಳು ಎರಡು. ದ್ರವದ ಮೇಲ್ಮೈಯಲ್ಲಿರುವ ತೆಳುಪದರವನ್ನು ಅನಿಲವು ನಿಧಾನವಾಗಿ ದಾಟುತ್ತದೆ. ಅಲ್ಲದೆ, ದ್ರಾವಣವನ್ನು ಕಾಯಿಸಲು ಸ್ಥಾವರದ ಉಗಿಯನ್ನೇ ಬಳಸಿದರೆ ವಿದ್ಯುತ್ತಿನ ಉತ್ಪತ್ತಿ ಕುಗ್ಗುತ್ತದೆ.

ಇಲ್ಲಿಯೇ ಮ್ಯಾಗ್ನೆಟೈಟ್ ಎಂಬ ಕಪ್ಪು ಕಬ್ಬಿಣದ ಆಕ್ಸೈಡಿನ ಕಣಗಳು ನೆರವಿಗೆ ಬರುತ್ತವೆ. ಇವುಗಳ ಗಾತ್ರ ಕೆಲವೇ ನ್ಯಾನೋಮೀಟರ್. ಒಂದು ಮಿಲಿಮೀಟರಿನಲ್ಲಿ 10 ಲಕ್ಷ ನ್ಯಾನೋಮೀಟರುಗಳು ಅಡಕವಾಗಿವೆ! ಅಮರಗೋಳದ ಮಾರುಕಟ್ಟೆಯಲ್ಲಿ ಹಮಾಲರು ಲಾರಿಯಿಂದ ಮೂಟೆ ಹೊತ್ತು ಗೋದಾಮಿನಲ್ಲಿ ಇಳಿಸಿ ಮತ್ತೆ ಲಾರಿಯ ಬಳಿಗೆ ಮರಳುವಂತೆ, ಈ ಕಣಗಳು ಮೇಲ್ಮೈಯಲ್ಲಿ ಅನಿಲದ ಅಣುಗಳನ್ನು ಅಂಟಿಸಿಕೊಂಡು ದ್ರವದ ಒಳಭಾಗದಲ್ಲಿ ಬಿಡುತ್ತವೆಂದು ಊಹಿಸಲಾಗಿದೆ. ಗುಳ್ಳೆಗಳು ಒಡೆದು ಚಿಕ್ಕವಾಗುವುದಕ್ಕೂ ಇವು ಸಹಾಯಕವಾಗುತ್ತವೆ.

ಕಣಗಳು ಅಯಸ್ಕಾಂತೀಯವೇ ಆಗಿರುವುದರಿಂದ ಏನು ಲಾಭ? ದಿಕ್ಕು ಬದಲಿಸುತ್ತಿರುವ ಅಯಸ್ಕಾಂತ ಕ್ಷೇತ್ರದಲ್ಲಿಟ್ಟರೆ ಕಣಗಳು ತಾವೇ ಬಿಸಿಯಾಗಿ, ದ್ರವವನ್ನು ಒಳಗಿನಿಂದಲೇ ಕಾಯಿಸಬಲ್ಲವು. ಕೆಲಸ ಮುಗಿದ ಮೇಲೆ ಅಯಸ್ಕಾಂತದಿಂದ ಅವುಗಳನ್ನು ಸೆಳೆದು ಬೇರ್ಪಡಿಸಲೂಬಹುದು. ಅತಿಸಣ್ಣ ಕಣಗಳು ಕ್ಷೇತ್ರವನ್ನು ತೆಗೆದೊಡನೆ ಕಾಂತತ್ವವನ್ನು ಕಳೆದುಕೊಳ್ಳುವುದರಿಂದ ಮತ್ತೆ ಚದುರಬಲ್ಲವು. ಅಯಸ್ಕಾಂತ ದ್ರವವನ್ನು 1963ರಲ್ಲಿ ನಾಸಾದ ಸ್ಟೀವ್ ಪ್ಯಾಪೆಲ್ ತಯಾರಿಸಿದುದು ರಾಕೆಟ್ಟಿನ ಇಂಧನವನ್ನು ನಿಯಂತ್ರಿಸುವುದಕ್ಕಾಗಿ ಎಂಬುದು ಸ್ವಾರಸ್ಯಕರ.

ಆದರೆ ಕಣಗಳು ಹೆಚ್ಚಾದರೆ ದ್ರವವು ಮಂದವಾಗಿ ಅನಿಲದ ಚಲನೆಗೇ ಅಡ್ಡಿಯಾಗುತ್ತದೆ. ಒಂದಕ್ಕೊಂದು ಅಂಟಿ ಗಂಟುಕಟ್ಟುವುದೂ ಉಂಟು. ಆದುದರಿಂದ ಈ ವಿಧಾನವು ಇನ್ನೂ ಬಹುಮಟ್ಟಿಗೆ ಪ್ರಯೋಗಶಾಲೆಯ ಮಟ್ಟದಲ್ಲಿಯೇ ಇದೆ. ಇಂಗಾಲದ ಡೈಆಕ್ಸೈಡನ್ನು ಹಿಡಿದು ಬಳಸುವ ಸಂಶೋಧನೆಗಾಗಿ 2022ರಲ್ಲಿ ಕೇಂದ್ರ ಸರ್ಕಾರವು ಘೋಷಿಸಿದ ಎರಡು ರಾಷ್ಟ್ರೀಯ ಕೇಂದ್ರಗಳಲ್ಲಿ ಒಂದು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿದೆ. ಅನಿಲವನ್ನು ಹಿಡಿಯಲು ಬೇಕಾದ ಶಕ್ತಿಯನ್ನು ತಗ್ಗಿಸುವುದೇ ಮುಂದಿರುವ ಮುಖ್ಯ ಪ್ರಶ್ನೆ. ಹಿಡಿಯುವುದಕ್ಕಾಗಿಯೇ ಮತ್ತಷ್ಟು ಕಲ್ಲಿದ್ದಲನ್ನು ಸುಡಬೇಕಾಗಿ ಬಂದರೆ, ಹಿಡಿದುದರ ಫಲವೇನು?