ನೆಲಬೇವಿನ ಕಷಾಯ

ಚೀನಾದೇಶದ ದಕ್ಷಿಣದಲ್ಲಿರುವ ಕ್ವಾಂಗ್‌ಡಾಂಗ್ ಪ್ರಾಂತದಲ್ಲಿಯೂ ಹಾಂಗ್‌ಕಾಂಗಿನಲ್ಲಿಯೂ ‘ತಂಪು ಚಹ’ವೆಂಬ ಕಹಿ ಪಾನೀಯವನ್ನು ಬೀದಿಯ ಅಂಗಡಿಗಳಲ್ಲಿ ಮಾರುವರು. ಹೆಸರು ಚಹವಾದರೂ ಅದರಲ್ಲಿ ಚಹದ ಸೊಪ್ಪು ಸಾಮಾನ್ಯವಾಗಿ ಇರುವುದಿಲ್ಲ. ಬೇರು, ಎಲೆ, ಹೂಗಳನ್ನು ಕುದಿಸಿ ಇಳಿಸಿದ ಕಷಾಯವೇ ಅದು. ಆ ದೇಶದ ವೈದ್ಯರು ಗಂಟಲುನೋವು, ಜ್ವರ, ಅತಿಸಾರಗಳಿಗೆ ಕೊಡುವ ಕಹಿಮೂಲಿಕೆಯೊಂದಕ್ಕೆ ‘ಚುವಾನ್ ಶಿನ್ ಲಿಯೆನ್’ ಎಂದು ಹೆಸರು. ಎದೆಯನ್ನು ತೂರುವ ತಾವರೆ ಎಂದು ಅದರ ಅರ್ಥ. ಇದು ಮತ್ತಾವುದೂ ಅಲ್ಲ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಹಿರಿಯರು ಬಲ್ಲ ನಮ್ಮ ನೆಲಬೇವೇ! ತಾವರೆಗೂ ಇದಕ್ಕೂ ಯಾವ ನಂಟೂ ಇಲ್ಲ. ಎದೆಯನ್ನು ತೂರುವುದೆಂಬುದನ್ನು ಮಾತ್ರ ಕುಡಿದವರಾರೂ ಅಲ್ಲಗಳೆಯಲಾರರು.

ಸಂಸ್ಕೃತ ನಿಘಂಟುಗಳಲ್ಲಿ ಭೂನಿಂಬವೆಂದರೆ ಕಿರಾತತಿಕ್ತ. ಅದು ಹಿಮಾಲಯದಲ್ಲಿ ಬೆಳೆಯುವ ಬೇರೊಂದು ಗಿಡ. ಭೂನಿಂಬವನ್ನು ಕನ್ನಡಿಸಿದರೆ ನೆಲಬೇವೇ ಆಗುವುದಾದ್ದರಿಂದ ಎರಡೂ ಒಂದೇ ಎಂದು ಬಗೆಯುವವರುಂಟು. ಗ್ರಂಥಿಗೆ ಅಂಗಡಿಯಲ್ಲಿ ಕೊಳ್ಳುವವರು ಇದನ್ನು ವಿಚಾರಿಸಿಯೇ ಕೊಳ್ಳತಕ್ಕದ್ದು.

ಹೂಬಿಡುವ ಕಾಲಕ್ಕೆ ಗಿಡವನ್ನು ಕಿತ್ತು, ತೊಳೆದು, ನೆರಳಿನಲ್ಲಿ ಒಣಗಿಸಿ ಇಡುವುದು ನಮ್ಮ ತಾಯಿಯವರ ಪದ್ಧತಿಯಾಗಿತ್ತು. ನೀರನ್ನು ನಾಲ್ಕರಲ್ಲೊಂದು ಪಾಲಿಗೆ ಇಳಿಸಿ, ಬೆಲ್ಲದ ಚೂರೊಂದನ್ನು ಕೈಯಲ್ಲಿ ತೋರಿಸುತ್ತ ಕುಡಿಸುತ್ತಿದ್ದರು. ಬೆಲ್ಲ ಮುಗಿದರೂ ಕಹಿ ಮುಗಿಯುತ್ತಿರಲಿಲ್ಲ! ಈ ಕಹಿಯ ಸಾರವನ್ನು 1911ರಲ್ಲಿ ಗಾರ್ಟರ್ ಎಂಬ ರಸಾಯನಜ್ಞರು ಬೇರ್ಪಡಿಸಿದರು. ಅದಕ್ಕೆ ಆಂಡ್ರೋಗ್ರಾಫೊಲೈಡ್ ಎಂದು ಹೆಸರು. ನೆಗಡಿ, ಗಂಟಲುನೋವುಗಳಲ್ಲಿ ಇದರಿಂದ ಕೊಂಚ ಉಪಶಮನ ದೊರೆಯುವುದೆಂದು ಈಚಿನ ಪರೀಕ್ಷೆಗಳೂ ಸೂಚಿಸುತ್ತವೆ. ಗರ್ಭಿಣಿಯರು ಮಾತ್ರ ಇದನ್ನು ಸರ್ವಥಾ ಸೇವಿಸಕೂಡದು. ರಕ್ತ ಹೆಪ್ಪುಗಟ್ಟದಂತೆ ಔಷಧಿ ಸೇವಿಸುವವರೂ ವೈದ್ಯರನ್ನು ಕೇಳದೆ ಮುಟ್ಟಬಾರದು.

ಈ ಕಹಿಯಲ್ಲಿ ನಮಗಿದ್ದ ಭಕ್ತಿ ಒಮ್ಮೆ ನಮ್ಮನ್ನು ತಲೆತಗ್ಗಿಸುವಂತೆ ಮಾಡಿತು. ಮಳೆಗಾಲದಲ್ಲಿ ಮೊಮ್ಮಗನಿಗೆ ಜ್ವರ ಬಂದಿತು. ಆಸ್ಪತ್ರೆಗೆ ಹೋಗೋಣವೆಂದು ಸೊಸೆ ಎರಡು ಸಲ ಹೇಳಿದಳು. ನಾವು ಕಷಾಯವನ್ನೇ ನಂಬಿದೆವು. ನಾಲ್ಕನೆಯ ದಿನ ಮೈ ತಣ್ಣಗಾಯಿತು. “ನೋಡಿದೆಯಾ, ತಾಯಿ?” ಎಂದು ನಾವು ಬೀಗಿದೆವು. ಸಂಜೆಯ ಹೊತ್ತಿಗೆ ಮಗುವಿಗೆ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ. ಅದು ಡೆಂಗ್ಯೂ! ಆ ರೋಗದಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತೆಂಬುದನ್ನು ಆಸ್ಪತ್ರೆಯ ವೈದ್ಯರು ನಮಗೆ ತಿಳಿಸಿದರು. ಮೂವತ್ತು ವರ್ಷ ಪಾಠ ಹೇಳಿದ ನಾವು ಅಂದು ವಿದ್ಯಾರ್ಥಿಯಂತೆ ನಿಂತು ಕೇಳಿದೆವು.

ಐದು ದಿನಗಳಲ್ಲಿ ಮಗು ಮನೆಗೆ ಬಂದಿತು. ಸೊಸೆ ನಮ್ಮನ್ನು ಒಂದು ಮಾತೂ ಆಡಲಿಲ್ಲ. ನೆಲಬೇವಿನ ಕಟ್ಟು ಈಗಲೂ ಅಟ್ಟದ ಮೇಲಿದೆ. ಅದನ್ನು ಇಳಿಸಬೇಕಾದರೆ ಅವಳನ್ನು ಕೇಳಿಯೇ ಇಳಿಸುತ್ತೇವೆ.