ಕುತ್ತಿಗೆಯ ನಳಿಕೆ ಮತ್ತು ರಕ್ತದ ಹೆಪ್ಪು

ಡ್ರಿಪ್ ಪೈಪು ತೊಳೆಯದಿದ್ದರೆ ಕಟ್ಟಿಕೊಳ್ಳುತ್ತದೆಂದು ಹರಿಪುರದ ಅರಿಶಿನ ಬೆಳೆಗಾರರಿಗೆ ಹೇಳಬೇಕಿಲ್ಲ. ಡಯಾಲಿಸಿಸ್, ಕ್ಯಾನ್ಸರ್ ಚಿಕಿತ್ಸೆಗಾಗಿ ಕುತ್ತಿಗೆ, ಎದೆ ಅಥವಾ ತೋಳಿನಿಂದ ದೊಡ್ಡ ರಕ್ತನಾಳಕ್ಕೆ ಹಾಕುವ ನಳಿಕೆಯೂ ಹಾಗೆಯೇ. ಅದರೊಳಗೆ ಹೆಪ್ಪುಗಟ್ಟದಂತೆ ನರ್ಸ್ ಸಲೈನ್‌ನಿಂದ ತೊಳೆಯುತ್ತಾರೆ, ಮನೆಯವರು ಮುಟ್ಟಬಾರದು.

ಆದರೆ ನಳಿಕೆಯ ಹೊರಗೆ, ರಕ್ತನಾಳದಲ್ಲೇ ಕಟ್ಟುವ ಹೆಪ್ಪಿಗೆ ಈ ತೊಳೆಯುವಿಕೆ ಸಾಲದು. ಅದು ಶ್ವಾಸಕೋಶ ಸೇರಿದರೆ ಪ್ರಾಣಾಪಾಯ. ರಕ್ತ ತೆಳುವಾಗಿಸುವ ಔಷಧಿ ಎಲ್ಲರಿಗೂ ಕೊಡುವಂಥದ್ದಲ್ಲ, ರಕ್ತಸ್ರಾವವಾಗಬಹುದು. ಅಗತ್ಯ ಮುಗಿದೊಡನೆ ನಳಿಕೆ ತೆಗೆಸುವುದೇ ಒಳ್ಳೆಯ ರಕ್ಷಣೆ.

ಮಿರಜದ ಆಸ್ಪತ್ರೆಯಲ್ಲಿ ರೋಗಿಯ ಬಳಿ ಕುಳಿತವರು, “ಡಾಕ್ಟರೇ, ಇದು ಇನ್ನೂ ಬೇಕೇ?” ಎಂದು ದಿನವೂ ಕೇಳಿರಿ. ತೋಳು, ಕುತ್ತಿಗೆ ಬಾತರೆ, ನೋವಾದರೆ, ಉಸಿರು ಕಟ್ಟಿದರೆ ಕೂಡಲೇ ಹೇಳಿರಿ. ಸಂಕೋಚದಿಂದ ಸುಮ್ಮನಿರಬೇಡಿರಿ.